ಒಂದೇ ಉಸಿರಿನಲ್ಲಿ ಎಣಿಸಿ

"ಮೇಷ್ಟ್ರೇ, ಉಸಿರು ಪೂರ್ತಿ ಎಳ್ಕೊಳ್ಳಿ. ಈಗ ಒಂದರಿಂದ ಎಣಿಸ್ತಾ ಹೋಗಿ. ಮಧ್ಯೆ ಉಸಿರು ತಗೋಬೇಡಿ."

ಅಪ್ಪ 26ಕ್ಕೆ ನಿಂತರು.

ಮೈಸೂರಿನ ಆಸ್ಪತ್ರೆಗೆ ಬಂದ ಸಂಜೆ ಅದು. ಎರಡು ವಾರದ ಹಿಂದೆ ಭೇದಿಯಾಗಿ ವಾಸಿಯಾಗಿತ್ತು. ಆಮೇಲೆ ಪಾದ ಜೋಮು ಹಿಡಿಯಿತು ಅಂದರು, ಎರಡೇ ದಿನಕ್ಕೆ ಹೊಸಿಲು ದಾಟಲಾರದೆ ಕೂತುಬಿಟ್ಟರು. ನರದ ಡಾಕ್ಟರು ಗಿಯಾನ್ ಬಾರೆ ಸಿಂಡ್ರೋಮ್ ಎಂದರು. ಸೋಂಕನ್ನು ಎದುರಿಸಲು ಎದ್ದ ದೇಹದ ಕಾವಲು ಪಡೆ ತನ್ನದೇ ನರಗಳ ಮೇಲೆ ತಿರುಗಿಬೀಳುವ ಕಾಯಿಲೆ. ಸಾಮಾನ್ಯವಾಗಿ ಕಾಲಿನಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ನಾನು ಅಪ್ಪನ ಕಾಲನ್ನೇ ನೋಡುತ್ತಿದ್ದೆ. ಡಾಕ್ಟರು ಮಾತ್ರ ಮತ್ತೆ ಮತ್ತೆ ಬಂದು ಎಣಿಸಲು ಹೇಳುತ್ತಿದ್ದರು.

ಮಾರನೆಯ ಬೆಳಿಗ್ಗೆ 19. ಮಧ್ಯಾಹ್ನ 13. ರಾತ್ರಿ 8.

ಎಣಿಕೆ ಯಾಕೆ ಅಂತ ಕೇಳಿದಾಗ ಡಾಕ್ಟರು ನನ್ನ ಕೈಯನ್ನೇ ನನ್ನ ಪಕ್ಕೆಲುಬಿನ ಅಂಚಿಗೆ ಇಡಿಸಿದರು. ಶ್ವಾಸಕೋಶ ತಾನಾಗಿ ಗಾಳಿ ಎಳೆದುಕೊಳ್ಳಲಾರದು, ಅದರಲ್ಲಿ ಅಂಥ ಸ್ನಾಯು ಇಲ್ಲ. ಅದರ ಕೆಳಗೆ ಗುಮ್ಮಟದ ಹಾಗಿರುವ ವಪೆ ಎಂಬ ಸ್ನಾಯು ತಗ್ಗಿದಾಗ ಎದೆಗೂಡು ಹಿಗ್ಗುತ್ತದೆ, ಗಾಳಿ ಒಳಗೆ ಬರುತ್ತದೆ. ಆ ವಪೆಗೆ ಅಪ್ಪಣೆ ಒಯ್ಯುವ ನರ ಹೊರಡುವುದು ಎಲ್ಲೋ ಮೇಲೆ, ಕತ್ತಿನಿಂದ. ಸುಮ್ಮನೆ ಕೂತವರಿಗೆ ಒಂದು ಉಸಿರಿಗೆ ಅರ್ಧ ಲೀಟರಿನಷ್ಟು ಗಾಳಿ ಸಾಕು. ಮಾತಾಡುವವರು ಹಾಗಲ್ಲ, ಚಟಕ್ಕನೆ ಒಳಗೆಳೆದುಕೊಂಡು ಹೊರಗೆ ಬಿಡುವುದನ್ನು ಉದ್ದಕ್ಕೆ ಎಳೆಯುತ್ತಾರೆ. ಆಡುವ ಮಾತೆಲ್ಲ ಹೊರಗೆ ಹೋಗುವ ಉಸಿರಿನ ಮೇಲೇ ನಡೆಯುವುದು. ಎಣಿಕೆ ಕುಸಿಯುತ್ತಿದೆ ಅಂದರೆ ಉಸಿರಿನ ದಾಸ್ತಾನು ಖಾಲಿಯಾಗುತ್ತಿದೆ ಅಂತ ಅರ್ಥ. ಅವತ್ತು ರಾತ್ರಿಯೇ ಅಪ್ಪನ ಬಾಯೊಳಗೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಹಾಕಿದರು. ಐದು ದಿನ ಇಮ್ಯುನೊಗ್ಲೋಬ್ಯುಲಿನ್ ಎಂಬ ಪ್ರತಿಕಾಯಗಳ ಔಷಧಿ ಹನಿಹನಿಯಾಗಿ ಇಳಿಯಿತು. ಹನ್ನೆರಡನೇ ದಿನ ಕತ್ತಿನ ಮುಂಭಾಗದಲ್ಲಿ ತೂತು ಮಾಡಿ, ನೇರ ಶ್ವಾಸನಾಳಕ್ಕೇ ಕೊಳವೆ ಕೂರಿಸಿದರು.

ಬಾಯಿ ಖಾಲಿಯಾಯಿತಲ್ಲ, ಇನ್ನು ಮಾತು ಬರುತ್ತೆ ಅಂತ ಅಮ್ಮ ಕಾದರು. ಅಪ್ಪನ ತುಟಿ ಆಡುತ್ತಿತ್ತು, ದನಿ ಇಲ್ಲ. ಧ್ವನಿತಂತುಗಳು ಇರುವುದು ಗಂಟಲಿನ ಗೂಡಿನಲ್ಲಿ. ತೂತು ಅದಕ್ಕಿಂತ ಕೆಳಗೆ. ಒಳಗೆ ಕೊಳವೆಯ ಸುತ್ತ ಒಂದು ಪುಟ್ಟ ಬಲೂನು ಉಬ್ಬಿಕೊಂಡು ದಾರಿ ಮುಚ್ಚಿರುತ್ತದೆ. ಬಂದ ಗಾಳಿ ಕತ್ತಿನಿಂದಲೇ ಬಂದು ಕತ್ತಿನಿಂದಲೇ ಹೋಗುತ್ತದೆ, ತಂತುಗಳನ್ನು ಮುಟ್ಟುವುದೇ ಇಲ್ಲ. ನಾಲಿಗೆ, ತುಟಿ, ಹಲ್ಲು, ಅಂಗುಳು ಎಲ್ಲ ನೆಟ್ಟಗಿದ್ದರೂ ಉಸಿರು ಆ ಹಾದಿಯಲ್ಲಿ ಬಾರದಿದ್ದರೆ ಮಾತಿಲ್ಲ. ಮೂವತ್ತನಾಲ್ಕು ವರ್ಷ ಕನ್ನಡ ಪಾಠ ಹೇಳಿದವರು ಹೀಗೆ ಮಲಗಿದ್ದನ್ನು ನೋಡುವುದು ನನಗೆ ಕಾಲು ಹೋದದ್ದಕ್ಕಿಂತ ಕಷ್ಟವಾಯಿತು.

ಬೆರಳಿಗೆ ಪೆನ್ನು ಹಿಡಿಯುವ ಶಕ್ತಿಯೂ ಇರಲಿಲ್ಲ. ದೊಡ್ಡ ಹಾಳೆಯಲ್ಲಿ ವರ್ಣಮಾಲೆ ಬರೆದು ಎದುರಿಗೆ ಹಿಡಿದೆ. ಮೊದಲು ವರ್ಗ ತೋರಿಸುವುದು, ಆಮೇಲೆ ಅಕ್ಷರ, ಆಮೇಲೆ ಕಾಗುಣಿತ. ಸರಿಯಾದದ್ದು ಬಂದಾಗ ಅಪ್ಪ ಕಣ್ಣು ಮಿಟುಕಿಸಬೇಕು. "ನೀರು" ಅನ್ನುವುದಕ್ಕೆ ಎರಡು ನಿಮಿಷ. ಒಂದು ಸಂಜೆ ಪ ವರ್ಗಕ್ಕೆ ಮಿಟುಕಿಸಿದರು. ಪ, ಫ, ಬ. ನಾನು ಬ ಹತ್ತಿರ ನಿಧಾನಿಸಿದೆ. ಕಣ್ಣು ಅಲುಗಲಿಲ್ಲ. ಭ ಮುಟ್ಟಿದಾಗ ಮಿಟುಕಿಸಿದರು. ಆಮೇಲೆ ಯ.

ಭಯ.

ನಾನು ಹಾಳೆ ಕೆಳಗಿಟ್ಟು ಅವರ ಕೈ ಹಿಡಿದುಕೊಂಡು ಕೂತೆ. ಹೇಳುವುದಕ್ಕೆ ಏನೂ ತೋಚಲಿಲ್ಲ.

ಮಹಾಪ್ರಾಣವನ್ನು ಅಪ್ಪ ಎಂದೂ ಬಿಟ್ಟುಕೊಟ್ಟವರಲ್ಲ. ನಮ್ಮ ಹಾಸನದ ಕಡೆ ಆಡುಮಾತಿನಲ್ಲಿ ಭೂಮಿ ಬೂಮಿಯಾಗುವುದು ಸಹಜ, ಅದನ್ನು ತಪ್ಪು ಎಂದು ಅವರು ಯಾರನ್ನೂ ಹಂಗಿಸಲಿಲ್ಲ. ಆದರೆ ತರಗತಿಯಲ್ಲಿ ಮಕ್ಕಳ ಅಂಗೈಯನ್ನು ಅವರವರ ಬಾಯಿಯ ಮುಂದೆ ಹಿಡಿಸಿ ಬ, ಭ ಹೇಳಿಸುತ್ತಿದ್ದರು. "ಪ್ರಾಣ ಅಂದ್ರೆ ಉಸಿರು ಕಣ್ರೋ. ಕೈಗೆ ಬಂತಾ?" ನಾನೂ ಅದೇ ತರಗತಿಯಲ್ಲಿ ಕೂತವಳು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ಶಬ್ದ ಹುಟ್ಟುವುದು ನಾಭಿಮೂಲದಲ್ಲಿ, ಅನುಕೂಲವಾದ ಗಾಳಿಯಿಂದ, ಕಹಳೆಯ ರೀತಿಯಲ್ಲಿ ಎಂದದ್ದನ್ನು ಅವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ವಿವರಿಸುತ್ತಿದ್ದರು. ಆಗ ಅದು ನನಗೆ ಬರೀ ಪರೀಕ್ಷೆಗೆ ಬಾಯಿಪಾಠ ಮಾಡುವ ಸೂತ್ರ. ಐಸಿಯುವಿನಲ್ಲಿ ಅಪ್ಪನ ಹೊಟ್ಟೆ ಯಂತ್ರದ ತಾಳಕ್ಕೆ ಏರಿಳಿಯುವುದನ್ನು ನೋಡುತ್ತಾ ಅದೇ ಸೂತ್ರ ನೆನಪಾಗುತ್ತಿತ್ತು.

ಮೂವತ್ತೊಂದನೇ ದಿನ. ಹಗಲು ಹೊತ್ತು ವೆಂಟಿಲೇಟರ್ ಇಲ್ಲದೆ ಇರುವಷ್ಟು ಚೇತರಿಸಿಕೊಂಡಿದ್ದರು. ವಾಕ್ ಚಿಕಿತ್ಸೆಯ ಹುಡುಗಿ ಬಂದಳು, ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಅಂಗೈಯಲ್ಲಿ ಹೆಬ್ಬೆರಳಿನ ತುದಿಯಷ್ಟು ದೊಡ್ಡ ವಾಲ್ವ್. ಉಸಿರು ಎಳೆದಾಗ ತೆರೆಯುತ್ತದೆ, ಬಿಟ್ಟಾಗ ಮುಚ್ಚಿಕೊಳ್ಳುತ್ತದೆ. ಕತ್ತಿನ ದಾರಿ ಮುಚ್ಚಿದರೆ ಗಾಳಿ ತನ್ನ ಹಳೆಯ ದಾರಿಯಲ್ಲೇ ಮೇಲೆ ಹೋಗಬೇಕು. ಮೊದಲು ಕಫ ತೆಗೆಸಿದಳು, ಸಿರಿಂಜಿನಿಂದ ಬಲೂನಿನ ಗಾಳಿ ಪೂರ್ತಿ ಇಳಿಸಿದಳು. ಅದನ್ನು ಇಳಿಸದೆ ವಾಲ್ವ್ ಹಾಕಿದರೆ ಒಳಗೆ ಹೋದ ಗಾಳಿಗೆ ಹೊರಬರಲು ದಾರಿಯೇ ಇರುವುದಿಲ್ಲ ಅಂತ ಪಕ್ಕದಲ್ಲಿದ್ದ ಸಿಸ್ಟರಿಗೆ ಎರಡು ಸಲ ಹೇಳಿದಳು. ಆಮೇಲೆ ವಾಲ್ವ್ ಕೂರಿಸಿದಳು.

ಅಪ್ಪನಿಗೆ ಕೆಮ್ಮು ಬಂತು. ಒಂದು ತಿಂಗಳಿಂದ ಗಾಳಿ ಕಾಣದ ಗಂಟಲು. ಸ್ವಲ್ಪ ತಡೆದು, "ಮೇಷ್ಟ್ರೇ, ಆ ಅನ್ನಿ" ಎಂದಳು.

"ಆ."

ಒಡಕು ಹೆಂಚಿನ ಹಾಗಿತ್ತು ದನಿ. ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ ನೂರು ಸಲ, ಅದಕ್ಕೂ ಮೇಲೆ, ಕೂಡಿ ಬಿಡುತ್ತವಂತೆ. ಅಷ್ಟು ದಿನ ಸುಮ್ಮನಿದ್ದವು ಮತ್ತೆ ಕೂಡುತ್ತಿದ್ದವು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಹೋದರು.

ಎಣಿಸಲು ಹೇಳಿದರೆ ಒಂದು, ಎರಡು, ಮೂರು. ಅಷ್ಟಕ್ಕೇ ಉಸಿರು ತೀರಿತು. ಇವತ್ತಿಗೆ ಹತ್ತು ನಿಮಿಷ ಸಾಕು ಅಂದಳು ಆ ಹುಡುಗಿ. ಇನ್ನೂ ಎರಡು ನಿಮಿಷ ಉಳಿದಿರುವಾಗ ಅಪ್ಪ ನನ್ನ ಕೈಯನ್ನೇ ನೋಡತೊಡಗಿದರು. ಕೈ ನೋಡಿ, ನನ್ನ ಮುಖ ನೋಡಿ, ಮತ್ತೆ ಕೈ ನೋಡಿದರು. ಹಾಳೆ ಬೇಕೇನೋ ಅಂತ ಎತ್ತಿಕೊಂಡೆ. "ಬೇಡ" ಅಂದರು. "ಕೈ."

ಆಗ ಹೊಳೆಯಿತು. ಅಂಗೈಯನ್ನು ಅವರ ತುಟಿಯ ಹತ್ತಿರ ಹಿಡಿದೆ.

"ಬ," ಅಂದರು. ಸುಧಾರಿಸಿಕೊಂಡು ವಾಲ್ವಿನಲ್ಲಿ ಒಂದು ಉಸಿರು ಎಳೆದುಕೊಂಡರು. "ಭ." ಹೊರಬಿದ್ದದ್ದು ಇನ್ನೊಂದು ಬ. ಭ ಅನ್ನಲು ತಂತುಗಳು ನಡುಗುತ್ತಲೇ ಕೊಂಚ ಸಡಿಲಬೇಕು, ಜಾಸ್ತಿ ಗಾಳಿ ಸುರಿಯಬೇಕು. ಅಷ್ಟು ಗಾಳಿ ಅವರಲ್ಲಿ ಇರಲಿಲ್ಲ. ತಲೆ ಅಡ್ಡಡ್ಡ ಆಡಿಸಿದರು, ಆ ಅಕ್ಷರ ತಮಗೇ ಒಪ್ಪಿಗೆಯಾಗಲಿಲ್ಲ ಅನ್ನುವಂತೆ. ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ ಇನ್ನೊಂದು ಸಲ ಹೇಳಿದರು. ಈ ಸಲ ಬೆಚ್ಚಗಿನ ಗಾಳಿ ನನ್ನ ಅಂಗೈಗೆ ಬಡಿಯಿತು.

"ಬಂತಾ?" ಅಂತ ಕೇಳಿದರು.

"ಬಂತಪ್ಪ."

ಕತ್ತಿನ ಕೊಳವೆ ತೆಗೆದದ್ದು ಇನ್ನೂ ಮೂರು ವಾರದ ಮೇಲೆ. ಈಗ ಕೋಲೂರಿ ಜಗಲಿಯವರೆಗೆ ನಡೆಯುತ್ತಾರೆ. ಬೆಳಿಗ್ಗೆ ಕಾಫಿಗೆ ಮೊದಲು ಜಗಲಿಯ ಕಂಬಕ್ಕೆ ಒರಗಿ ಒಂದೇ ಉಸಿರಿನಲ್ಲಿ ಎಣಿಸುತ್ತಾರೆ, ಅಮ್ಮ ಅಡುಗೆಮನೆಯಿಂದಲೇ ಲೆಕ್ಕ ಇಡುತ್ತಾರೆ. ನಿನ್ನೆ 34.