ಅಂಜಲ್ ಬೇಡ, ಬೂತಾಯಿ ಆಗಬಹುದು

ಬಸುರಿ ತಂಗಿ ಬೆಂಗಳೂರಿನಿಂದ ಊರಿಗೆ ಬಂದ ಮರುದಿನವೇ ಅಮ್ಮ ಮಲ್ಪೆಯಿಂದ ಅಂಗೈ ಅಗಲದ ಅಂಜಲ್ ಮೀನಿನ ತುಂಡುಗಳನ್ನು ತರಿಸಿ ಮಸಾಲೆ ಹಚ್ಚಿಟ್ಟಿದ್ದರು. ತಂಗಿ ಮುಟ್ಟಲಿಲ್ಲ. ಸಮುದ್ರದ ಮೀನಿನಲ್ಲೆಲ್ಲ ಪಾದರಸವಿದೆ, ಬಸುರಿಯರು ತಿನ್ನಲೇಬಾರದು ಎಂಬ ವಾಟ್ಸ್‌ಆ್ಯಪ್ ಸಂದೇಶ ಅವಳ ಫೋನಿನಲ್ಲಿತ್ತು. "ನಿನ್ನನ್ನು ಹೊತ್ತಿದ್ದಾಗ ನಾನು ತಿಂದದ್ದು ಎಂತದು, ಹೂಕೋಸಾ?" ಎಂದು ಅಮ್ಮ ಸಿಡುಕಿದರು. ನ್ಯಾಯ ಹೇಳಲು ಹೊರಟು ಒಂದಿಷ್ಟು ಓದಿದ ನನಗೆ ಇಬ್ಬರೂ ಅರ್ಧರ್ಧ ಸರಿಯೆಂದು ತೋರಿತು.

ಈ ಭಯದ ಮೂಲ ಜಪಾನಿನ ಮಿನಮಾಟಾ ಕೊಲ್ಲಿ. ಅಲ್ಲಿನ ರಾಸಾಯನಿಕ ಕಾರ್ಖಾನೆಯೊಂದು 1932ರಿಂದ 1968ರವರೆಗೆ ಪಾದರಸ ಬೆರೆತ ತ್ಯಾಜ್ಯನೀರನ್ನು ಹೊರಬಿಟ್ಟಿತು; ಮೀನು ತಿಂದ ಬೆಕ್ಕುಗಳು ಕುಣಿದಂತೆ ನಡುಗಿ ಸತ್ತವು, 1956ರಲ್ಲಿ ಮನುಷ್ಯರ ಕಾಯಿಲೆಯೂ ಅಧಿಕೃತವಾಗಿ ದಾಖಲಾಯಿತು. ನನ್ನನ್ನು ಹೆಚ್ಚು ಕಲಕಿದ್ದು, ಮೇಲ್ನೋಟಕ್ಕೆ ಆರೋಗ್ಯವಾಗಿದ್ದ ತಾಯಂದಿರಿಗೂ ಮಿದುಳಿಗೆ ಪೆಟ್ಟು ಬಿದ್ದ ಮಕ್ಕಳು ಹುಟ್ಟಿದ ಸಂಗತಿ. ಮಗುವಿನ ಹೊಕ್ಕುಳಬಳ್ಳಿಯ ತುಂಡನ್ನು ಒಣಗಿಸಿ ಪುಟ್ಟ ಪೆಟ್ಟಿಗೆಯಲ್ಲಿ ಜೋಪಾನವಾಗಿಡುವುದು ಜಪಾನೀಯರ ಪದ್ಧತಿ. ವೈದ್ಯ ಮಸಾಜುಮಿ ಹರಾದಾ ಮನೆಮನೆಗಳಲ್ಲಿದ್ದ ಆ ತುಂಡುಗಳನ್ನು ಪರೀಕ್ಷೆಗೆ ಒಳಪಡಿಸಿದಾಗ ಅವುಗಳಲ್ಲಿ ಪಾದರಸದ ಹೆಚ್ಚು ವಿಷಕಾರಿ ರೂಪವಾದ ಮೀಥೈಲ್ ಪಾದರಸ ಸಿಕ್ಕಿತು. ತಾಯಿಯ ಮೈಯ ವಿಷವನ್ನು ಮಾಸು ತಡೆಹಿಡಿಯುತ್ತದೆ ಎಂಬ ಅಂದಿನ ವೈದ್ಯರ ನಂಬಿಕೆ ಸುಳ್ಳಾಗಿತ್ತು.

ಹಾಗೆಂದು ಎಲ್ಲ ಕಡಲಿನ ಎಲ್ಲ ಮೀನನ್ನೂ ಮಿನಮಾಟಾದ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕಲ್ಲಿದ್ದಲ ಹೊಗೆ, ಚಿನ್ನದ ಗಣಿಗಾರಿಕೆ, ಜ್ವಾಲಾಮುಖಿಗಳಿಂದ ಬಂದು ಕಡಲು ಸೇರುವ ಪಾದರಸವನ್ನು ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳಾದ ಪ್ಲವಕದಿಂದ ಸಣ್ಣ ಮೀನಿಗೆ, ಸಣ್ಣ ಮೀನಿನಿಂದ ದೊಡ್ಡದಕ್ಕೆ ಸಾಗುತ್ತ ಮೆಟ್ಟಿಲು ಮೆಟ್ಟಿಲಾಗಿ ಸಾಂದ್ರಗೊಳ್ಳುತ್ತದೆ. ಪ್ಲವಕ ತಿಂದು ಎರಡು-ಮೂರು ವರ್ಷ ಬದುಕುವ ಬೂತಾಯಿಗೂ (ಸಾರ್ಡೀನ್), ಬೂತಾಯಿಯಂಥವನ್ನೇ ನುಂಗಿ ವರ್ಷಗಟ್ಟಲೆ ಬೆಳೆಯುವ ಅಂಜಲ್, ತಾಟೆಗಳಿಗೂ (ಶಾರ್ಕ್) ಇರುವ ವ್ಯತ್ಯಾಸ ಇದೇ. ಅಮೆರಿಕದ ಆಹಾರ ಇಲಾಖೆಯ ಪಟ್ಟಿಯಲ್ಲಿ ಸಾರ್ಡೀನಿನ ಸರಾಸರಿ ಪಾದರಸ ಕಿಲೋಗೆ 0.013 ಮಿಲಿಗ್ರಾಂ, ನಮ್ಮ ಅಂಜಲ್‌ನದೇ ಕುಲದ ಕಿಂಗ್ ಮ್ಯಾಕೆರೆಲ್‌ನದು 0.73, ಶಾರ್ಕಿನದು 0.979. ವಿಶ್ವಸಂಸ್ಥೆಯ ತಜ್ಞರ ಸಮಿತಿ ಗರ್ಭಸ್ಥ ಶಿಶುವನ್ನು ಗಮನದಲ್ಲಿಟ್ಟು ಹೇಳಿದ ಮಿತಿ, ದೇಹತೂಕದ ಕಿಲೋಗೆ ವಾರಕ್ಕೆ 1.6 ಮೈಕ್ರೊಗ್ರಾಂ. ಅರವತ್ತು ಕಿಲೋ ತೂಗುವ ಹೆಂಗಸು ನೂರು ಗ್ರಾಂ ಶಾರ್ಕ್ ತಿಂದರೆ ಆ ಮಿತಿ ಮುಗಿಯುತ್ತದೆ. ಸಾರ್ಡೀನಿನಲ್ಲಿ ಅಷ್ಟೇ ಪಾದರಸ ಸೇರಬೇಕಾದರೆ ಏಳು ಕಿಲೋಗೂ ಹೆಚ್ಚು ತಿನ್ನಬೇಕು. ಇವು ಅಮೆರಿಕದ ಅಂಕಿಗಳು, ನಿಜ. ಆದರೆ ಸಣ್ಣದಕ್ಕೂ ದೊಡ್ಡದಕ್ಕೂ ಇರುವ ಅಂತರದ ಕಾರಣ ಎಲ್ಲ ಕಡಲಿನಲ್ಲೂ ಒಂದೇ.

ಬಾಣಂತಿಗೆ ಎದೆಹಾಲು ಹೆಚ್ಚಲೆಂದು ತಾಟೆ ಮೀನಿನ ಸಾರು ಕೊಡುವ ರೂಢಿ ಕರಾವಳಿಯಲ್ಲಿದೆ. ತಮಿಳರು ಇದಕ್ಕೆ ಆರಿಸುವುದು 'ಪಾಲ್ ಸುರಾ' ಎಂಬ ಹಾಲು ಶಾರ್ಕನ್ನು, ಅದು ಗಾತ್ರದಲ್ಲಿ ಚಿಕ್ಕ ಜಾತಿ. ಹಿರಿಯರ ರೂಢಿಯನ್ನು ಹೀಗಳೆಯುವ ಮೊದಲು ಅವರು ಬಳಸುತ್ತಿದ್ದ ಮೀನಿನ ಗಾತ್ರವನ್ನು ನೋಡಬೇಕು. ಆಳಸಮುದ್ರದ ಬೋಟು ತರುವ ಆಳುದ್ದದ ಶಾರ್ಕಿಗೆ ಅದೇ ರೂಢಿಯನ್ನು ಅನ್ವಯಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಚೆನ್ನಾಗಿ ಹುರಿದರೆ, ಹುಳಿ ಹಾಕಿ ಕುದಿಸಿದರೆ ದೋಷ ಹೋಗುತ್ತದೆಯೇ ಎಂದು ಅಮ್ಮ ಕೇಳಿದರು. ಮೀಥೈಲ್ ಪಾದರಸ ಕುಳಿತಿರುವುದು ಮಾಂಸದ ಪ್ರೋಟೀನಿನಲ್ಲಿ, ಕೊಬ್ಬಿನಲ್ಲಲ್ಲ. ಹುರಿದಾಗ ನೀರು ಆರುತ್ತದೆಯೇ ಹೊರತು ಅದು ಹೋಗುವುದಿಲ್ಲ. ಮತ್ತೊಂದು ವಿಷಲೋಹವಾದ ಕ್ಯಾಡ್ಮಿಯಂ ವಿಷಯ ಬೇರೆ. ಬೊಂಡಾಸಿನಲ್ಲಿ (ಸ್ಕ್ವಿಡ್) ಅದು ಸೇರುವುದು ಹೆಚ್ಚಾಗಿ ಒಳಗಿನ ಯಕೃತ್ತಿನಲ್ಲಿ, ಆದ್ದರಿಂದ ಕರುಳೆಲ್ಲ ತೆಗೆದು ತೊಳೆಯುವ ನಮ್ಮ ಕ್ರಮವೇ ಒಳ್ಳೆಯದು. ಒಳಗನ್ನೂ ಸೇರಿಸಿ ಇಡಿಯಾಗಿ ತಿನ್ನುವ ಮರುವಾಯಿ ಎಂಬ ಚಿಪ್ಪುಜೀವಿಯನ್ನು ಯಾವ ಅಳಿವೆಯಿಂದ ತೆಗೆದದ್ದೆಂದು ಕೇಳಿ ಕೊಳ್ಳಬೇಕು.

ಕೊನೆಗೆ ಅಂಜಲ್ ನಮ್ಮ ಪಾಲಿಗೆ ಬಂತು. ತಂಗಿಗೆ ವಾರದಲ್ಲಿ ಎರಡು ದಿನ ಬೂತಾಯಿ ಅಥವಾ ಬಂಗುಡೆ ಎಂದು ತೀರ್ಮಾನವಾಯಿತು. ಬಸುರಿ ಮಗಳಿಗೆ ಅಗ್ಗದ ಬೂತಾಯಿ ತಿನ್ನಿಸುವುದನ್ನು ಕಂಡರೆ ನೆರೆಯವರು ಏನೆಂದುಕೊಂಡಾರು ಎಂಬ ಸಂಕೋಚಕ್ಕೆ, ಮೀನು ಮಾರುವ ಅಕ್ಕ ಬಂದಾಗ ಅಮ್ಮ ಈಗಲೂ ಹಿತ್ತಲ ಬಾಗಿಲಿಗೇ ಕರೆಯುತ್ತಾರೆ.