ಮಲ್ಲಿಗೆಯ ದಾರ

ಬೆಳಗಿನ ಐದು ಗಂಟೆ. ಹುಕ್, ಹುಕ್, ಹುಕ್. ಆ ಸದ್ದಿಗೆ ಎಂಥ ನಿದ್ದೆಯೂ ಹಾರಿಹೋಗುತ್ತದೆ.

ದೀಪ ಹಾಕಿ ನೋಡಿದರೆ ಚುಕ್ಕಿ ವಾಂತಿ ಮಾಡಿಕೊಂಡಿದ್ದಾಳೆ. ಇಡೀ ನೆಲ ಖಾಲಿ ಬಿದ್ದಿದ್ದರೂ ನಿನ್ನೆಯಷ್ಟೇ ಒಗೆದ ಕಾಲೊರಸೇ ಬೇಕು ಅವಳಿಗೆ.

ಕಡ್ಡಿಯಿಂದ ಕೆದಕಿ ನೋಡಿದೆ. (ಬೆಕ್ಕು ಸಾಕಿದವರಿಗೆ ಅಸಹ್ಯವೆಂಬುದು ಉಳಿದಿರುವುದಿಲ್ಲ, ಬಿಡಿ.) ಬೆರಳುದ್ದದ ಕೂದಲಿನ ಸುರುಳಿ, ಒಂದಿಷ್ಟು ನೊರೆ. ರಕ್ತವಿಲ್ಲ. ದಾರವೂ ಇಲ್ಲ.

ನಾನು ಹುಡುಕಿದ್ದು ದಾರವನ್ನೇ. ದೇವರ ಪಟದಿಂದ ತೆಗೆದಿಟ್ಟ ಒಣ ಮಲ್ಲಿಗೆ ಮಾಲೆಯನ್ನು ನಿನ್ನೆ ಸಂಜೆ ಜಗಿಯುತ್ತಿದ್ದಳು. ಕಿತ್ತುಕೊಂಡೆ, ಪೂರ್ತಿ ಸಿಕ್ಕಿತೋ ಇಲ್ಲವೋ ಗೊತ್ತಾಗಲಿಲ್ಲ. ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡಕ್ಕೆ ಸಿಕ್ಕಿಕೊಂಡರೆ ಕರುಳು ಸೀರೆಯ ನೆರಿಗೆಯಂತೆ ಮುದುಡಿಕೊಳ್ಳುತ್ತದೆ, ಕೊಯ್ದೂ ಹೋಗಬಹುದು. ತುದಿ ಕಣ್ಣಿಗೆ ಕಂಡರೂ ಎಳೆಯಬಾರದು. ನೇರವಾಗಿ ಪಶುವೈದ್ಯರ ಬಳಿಗೆ ಓಡಬೇಕು.

ಒಮ್ಮೆ ವಾಂತಿ ಮಾಡಿ, ಎರಡೇ ನಿಮಿಷದಲ್ಲಿ ಬಟ್ಟಲಿನ ಮುಂದೆ ಕೂತು ನನ್ನನ್ನೇ ಗದರಿಸುವ ಬೆಕ್ಕಿನ ಬಗ್ಗೆ ನನಗೆ ಚಿಂತೆಯಿಲ್ಲ. ಮತ್ತೆ ಮತ್ತೆ ಕಕ್ಕುತ್ತಾ, ಕುಡಿದ ನೀರೂ ನಿಲ್ಲದೆ ಮಂಚದ ಕೆಳಗೆ ಮುದುರಿಕೊಂಡರೆ ಮಾತ್ರ ನಾಳೆಗೆಂದು ಕಾಯುವವಳಲ್ಲ ನಾನು. ಒಂದು ದಿನವಿಡೀ ಏನೂ ಮುಟ್ಟದಿದ್ದರೂ ಅಷ್ಟೇ. ಬೆಕ್ಕಿನ ಉಪವಾಸ ಕೆಲವು ದಿನ ಮುಂದುವರಿದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಏಕಾದಶಿ ಅವುಗಳಿಗಲ್ಲ.

ಈಗ ಗಂಟೆ ಒಂಬತ್ತು. ಕಾಲೊರಸು ಬಕೆಟ್ಟಿನಲ್ಲಿದೆ. ಹಳೆಯ ಹೂವೆಲ್ಲ ಮುಚ್ಚಳವಿರುವ ಡಬ್ಬಕ್ಕೆ ಹೋಗಿದೆ.

ಚುಕ್ಕಿ ಆ ಡಬ್ಬದ ಮೇಲೆ ಕೂತಿದ್ದಾಳೆ.