101 ಡಿಗ್ರಿಯ ಚಳಿ

ಇಂದು ಮಧ್ಯಾಹ್ನ ಥರ್ಮಾಮೀಟರು 101 ಡಿಗ್ರಿ ತೋರಿಸುತ್ತಿದ್ದರೂ ನಾನು ಎರಡು ಹೊದಿಕೆಗಳ ಒಳಗೆ ಹಲ್ಲು ಕಟಕಟಿಸುತ್ತಾ ಮಲಗಿದ್ದೆ.

ಮೈ ಸುಡುತ್ತಿರುವಾಗ ಈ ಚಳಿ ಎಲ್ಲಿಂದ ಬರುತ್ತದೆ? ರೋಗಾಣುಗಳನ್ನು ಎದುರಿಸುವ ಬಿಳಿ ರಕ್ತಕಣಗಳು ಜೀವಕೋಶಗಳ ನಡುವೆ ಸುದ್ದಿ ಒಯ್ಯುವ ಪ್ರೋಟೀನುಗಳಾದ ಇಂಟರ್‌ಲ್ಯೂಕಿನ್-1ರಂತಹ ಸೈಟೊಕೈನ್‌ಗಳನ್ನು ಬಿಡುಗಡೆ ಮಾಡುತ್ತವೆ. ಅವುಗಳ ಪ್ರಭಾವದಿಂದ ಮಿದುಳಿನ ರಕ್ತನಾಳಗಳ ಒಳಪದರದಲ್ಲಿ ಪ್ರೋಸ್ಟಾಗ್ಲಾಂಡಿನ್ ಇ2 ಎಂಬ ರಾಸಾಯನಿಕ ತಯಾರಾಗಿ, ಮೈಬಿಸಿಯನ್ನು ನಿಯಂತ್ರಿಸುವ ಮಿದುಳಿನ ಭಾಗವಾದ ಹೈಪೊಥಲಾಮಸ್ ದೇಹದ ಉಷ್ಣತೆಯ ಗುರಿಯನ್ನೇ ಮೇಲಕ್ಕೇರಿಸುತ್ತದೆ. ಆ ಗುರಿ 103 ಆಗಿದ್ದರೆ, ಮಿದುಳಿನ ಲೆಕ್ಕದಲ್ಲಿ 101 ಎಂಬುದು ಚಳಿಯೇ. ಆದ್ದರಿಂದ ನಡುಕ, ಆದ್ದರಿಂದಲೇ ಎರಡನೆಯ ಹೊದಿಕೆ.

ಬೆಳಿಗ್ಗೆಯಿಂದ ಯಾರ ಕರೆಯನ್ನೂ ಸ್ವೀಕರಿಸದೆ, ಹಸಿವೂ ಇಲ್ಲದೆ, ಗೋಡೆಗೆ ಮುಖ ಮಾಡಿ ಮಲಗಿದ್ದುದನ್ನು ನನ್ನ ಸೋಮಾರಿತನವೆಂದೇ ತಿಳಿದಿದ್ದೆ. ಅದೂ ಇದೇ ಸೈಟೊಕೈನ್‌ಗಳ ಕೆಲಸವಂತೆ: ಅವು ರಕ್ತದ ಮೂಲಕವೂ, ಎದೆ-ಹೊಟ್ಟೆಯ ಅಂಗಗಳನ್ನು ಮಿದುಳಿಗೆ ಜೋಡಿಸುವ ವೇಗಸ್ ನರದ ಮೂಲಕವೂ ಮಿದುಳಿಗೆ ಸುದ್ದಿ ಮುಟ್ಟಿಸಿ, ಹೋರಾಟಕ್ಕೆ ಬೇಕಾದ ಶಕ್ತಿಯನ್ನು ಉಳಿಸಲು ನಮ್ಮನ್ನು ಮೂಲೆಗೆ ಕೂರಿಸುತ್ತವೆ. (ಕರೆ ಮಾಡಿದ್ದ ಗೆಳೆಯರು ದಯವಿಟ್ಟು ಇದನ್ನೇ ನನ್ನ ಅಧಿಕೃತ ವಿವರಣೆಯೆಂದು ಸ್ವೀಕರಿಸಬೇಕು.)

ಪ್ರೋಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಗ್ಗಿಸುವ ಪ್ಯಾರಾಸಿಟಮಾಲ್ ನುಂಗಿ ಒಂದು ಗಂಟೆಯಾಗಿದೆ. ಗುರಿ ಕೆಳಗಿಳಿದಿರಬೇಕು, ಹಣೆ ಬೆವರುತ್ತಿದೆ, ಹೊದಿಕೆಗಳೆರಡೂ ಈಗ ನೆಲದ ಮೇಲಿವೆ.